ಶಂಕ್ರಕ್ಕ ಹೊಲಿದ ಕುಂಚಿಗಿ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಒಗೆದ ಬಟ್ಟೆ ಒಣಗುವ ತನಕ ಮನೆಯವರು ಯಾರಾದರೊಬ್ಬರು ಕಟ್ಟೆಯ ಮೇಲೆ ಕಾವಲು ಕೂರಬೇಕಿತ್ತು. ಕಳ್ಳರ ಭಯಕ್ಕಲ್ಲ. ಕಳ್ಳರು ಬಂದಿದ್ದರೆ ಹಗ್ಗದ ಮೇಲಿನ ನಮ್ಮ ಬಟ್ಟೆ ನೋಡಿ ಮರುಗಿ ತಾವೇ ಏನಾದರೂ ಇಟ್ಟು ಹೋಗುತ್ತಿದ್ದರು. ಭಯವೆಲ್ಲ ಎದುರು ಮನೆಯ ಶಂಕ್ರಕ್ಕನ ಕತ್ತರಿಯದು. ಪಂಚೆಯಲ್ಲಿ ಒಂದು ತೂತು ಕಂಡರೆ ಸಾಕು, ಆಕೆಯ ಪ್ರಕಾರ ಅದು ಹಳೆಯದು, ಹಳೆಯದಾದ ಮೇಲೆ ಅದು ಆಕೆಯದು. ನಮ್ಮಪ್ಪನ ಪಂಚೆಯೊಂದು ಹೀಗೇ ಹಗ್ಗದಿಂದ ಇಳಿದು ಹೋಗಿ ವಾರದ ಮೇಲೆ ದಿಂಬಿನ ಗವಸುಗಳಾಗಿ ವಾಪಸ್ಸು ಬಂತು. ಅಪ್ಪ ಜಗಳಕ್ಕೆಂದು ಹೋದ. ಪಂಚೆಯಾಗಿದ್ದಾಗ ಅದು ನಿಮಗೊಬ್ಬರಿಗೇ ಉಪಯೋಗ, ಈಗ ಮನೆಮಂದಿಗೆಲ್ಲ ಆಯಿತಲ್ಲ ಎಂದು ಶಂಕ್ರಕ್ಕ ಚಹಾ ಕುಡಿಸಿ ಕಳಿಸಿದಳು. ಅಪ್ಪ ಆ ರಾತ್ರಿ ತನ್ನ ಪಂಚೆಯ ಅಂಚಿನ ಮೇಲೆಯೇ ತಲೆಯಿಟ್ಟು ಮಲಗಿದ.

ಶಂಕ್ರಕ್ಕನ ಮನೆಯಲ್ಲಿ ಬೆತ್ತಲೆಯಾಗಿರುವ ಹಕ್ಕು ಯಾವ ವಸ್ತುವಿಗೂ ಇರಲಿಲ್ಲ. ಟ್ರಂಕಿಗೆ ಗವಸು, ತಂಬಿಗೆಗೆ ಮಣಿ ಪೋಣಿಸಿದ ಮುಚ್ಚಳ, ಕಂದೀಲಿಗೂ ಹಗಲು ಹೊತ್ತು ಉಡಲು ಒಂದು ಅಂಗಿ. ರೇಡಿಯೊಗಂತೂ ಗುಲಾಬಿ ಬಣ್ಣದ ನೆರಿಗೆಯ ಫ್ರಾಕು. ಆ ಫ್ರಾಕಿನೊಳಗಿಂದ ವಾರ್ತೆ ಓದುವವರ ದನಿ ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು. ಆಕೆಯ ಗಂಡ ಬಸಣ್ಣ ಸೇಂಗಾ ಎಣ್ಣೆ ಮಿಲ್ಲಿನಲ್ಲಿ ತೂಕ ಹಾಕುವವನು, ಮೊದಲೇ ಮಾತು ಕಡಿಮೆ. ಇದ್ದ ಒಂದು ದೂರೂ ಆ ರೇಡಿಯೊದ್ದೇ. ಏನೂ ಕೇಳುವುದಿಲ್ಲ, ಆ ಅಂಗಿ ಬಿಚ್ಚು ಎಂದು ದಿನಾ ಸಂಜೆ ಹೇಳುತ್ತಿದ್ದ. ಧೂಳು ಬೀಳುತ್ತದೆ ಎಂದು ಆಕೆ ದಿನಾ ಸಂಜೆ ಅಷ್ಟೇ ಶ್ರದ್ಧೆಯಿಂದ ಉತ್ತರ ಕೊಡುತ್ತಿದ್ದಳು.

ಕತ್ತರಿಯಷ್ಟೇ ಹರಿತವಾದ ಇನ್ನೊಂದು ಮಾತು ಆಕೆಯ ಬಾಯಲ್ಲಿತ್ತು: ‘ಹಗೂರೈತಿ, ಕುಂದ್ರು.’ ಮಧ್ಯಾಹ್ನ ಊಟ ಮುಗಿಸಿ ಕಟ್ಟೆಗೆ ಬಂದ ಹೆಂಗಸರನ್ನೆಲ್ಲ ಇದೇನು ಕಷ್ಟವಲ್ಲ ಎಂದು ಹೀಗೆ ಕೂರಿಸಿಕೊಂಡು ವೈರಿನ ಬುಟ್ಟಿ, ಉಲ್ಲನ್ ತೋರಣ, ಒಡೆದ ಬಳೆಯ ಮಾಲೆ ಎಲ್ಲ ಕಲಿಸುತ್ತಿದ್ದಳು. ಆಸ್ಪತ್ರೆಯ ಕಂಪೌಂಡರನ್ನು ಕಾಡಿ ಇಂಜೆಕ್ಷನ್ನಿನ ಖಾಲಿ ಸೀಸೆ ತರಿಸಿ ಬಾಗಿಲಿಗೆ ಪರದೆ ಕಟ್ಟಿದ್ದಳು. ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಎಲ್ಲರಿಗಿಂತ ಮೊದಲು ವಿಚಾರಿಸಲು ಬರುವವಳು ಶಂಕ್ರಕ್ಕ, ಡಾಕ್ಟರು ಎಷ್ಟು ಸೂಜಿ ಬರೆದಿದ್ದಾರೆಂದು ಕೇಳುವವಳೂ ಆಕೆಯೇ. ಹಗೂರೈತಿ ಎಂಬ ಮಾತು ನಂಬಿ ನಾನೂ ಒಂದು ದಿಂಬಿನ ಗವಸಿಗೆ ಕೈಹಾಕಿದೆ. ದೀಪಾವಳಿಗೆ ಶುರು ಮಾಡಿದ್ದು ಯುಗಾದಿಗೆ ಮುಗಿಯಿತು. ಮುಗಿದ ಮೇಲೆ ನೋಡಿದರೆ ನಾಲ್ಕೂ ಕಡೆ ಹೊಲಿದುಬಿಟ್ಟಿದ್ದೆ, ದಿಂಬು ಒಳಗೆ ಹೋಗಲು ದಾರಿಯೇ ಇರಲಿಲ್ಲ. ಶಂಕ್ರಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇರಲಿ, ಕಳ್ಳರಿಗೂ ತಗಿಯಾಕ ಬರಂಗಿಲ್ಲ ಎಂದಳು.

ಬಣ್ಣದ ವಿಷಯದಲ್ಲಿ ಆಕೆಗೆ ಭಯಭಕ್ತಿ ಎರಡೂ ಇರಲಿಲ್ಲ ನಿಜ. ಕಡುಗೆಂಪಿನ ಪಕ್ಕದಲ್ಲಿ ಗಿಳಿಹಸಿರು, ಅದರ ಪಕ್ಕ ನೇರಳೆ, ನೋಡಿದವರ ಕಣ್ಣಲ್ಲಿ ನೀರೂರಬೇಕು. ಆದರೆ ಅಳತೆ ಎಂದೂ ತಪ್ಪುತ್ತಿರಲಿಲ್ಲ. ಟೇಪು ಗೀಪು ಏನಿಲ್ಲ, ದೂರದಿಂದ ಒಮ್ಮೆ ಕಣ್ಣು ಕಿರಿದು ಮಾಡಿ ನೋಡುವುದು, ಗೇಣು ಹಾಕುವುದು, ಕತ್ತರಿಸುವುದು. ಅದು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೂರುತ್ತಿತ್ತು. ಆ ಓಣಿಯಲ್ಲಿ ಕತ್ತರಿಯಿಂದ ಪಾರಾಗಿದ್ದ ಬಟ್ಟೆ ಒಂದೇ, ಆಕೆಯದೇ ಮದುವೆಯ ಇಳಕಲ್ ಸೀರೆ. ಕೆಂಪು ಸೆರಗಿನ ಆ ಸೀರೆಯನ್ನು ಗವಸು ಹಾಕಿದ ಟ್ರಂಕಿನೊಳಗೆ ಇನ್ನೊಂದು ಗವಸು ಹಾಕಿ ಇಟ್ಟಿದ್ದಳು.

ಹೀಗೆ ಊರಿಗೆಲ್ಲ ಹೊಲಿದ ಶಂಕ್ರಕ್ಕನಿಗೆ ಒಂದೇ ಒಂದು ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಹಸುಗೂಸಿನ ಕುಂಚಿಗಿ. ತಲೆಗೊಂದು ಟೊಪ್ಪಿಗೆ, ಅದರ ಹಿಂದೆ ಬೆನ್ನು ಮುಚ್ಚಿ ಇಳಿಯುವ ಬಟ್ಟೆ, ಅಂಚಿಗೆ ಗೊಂಡೆ. ಹೆಸರಿಡುವ ದಿನ ಕೂಸಿಗೆ ಅದನ್ನು ತೊಡಿಸಿಯೇ ತೊಟ್ಟಿಲಿಗೆ ಹಾಕುವುದು. ಅದನ್ನು ಮಕ್ಕಳ ತಾಯಿಯೇ ಹೊಲಿಯಬೇಕು, ಶಂಕ್ರಕ್ಕನಿಗೆ ಮಕ್ಕಳಿರಲಿಲ್ಲ. ಯಾವ ಶಾಸ್ತ್ರದಲ್ಲಿದೆಯೋ ಕಾಣೆ, ನಮ್ಮ ಓಣಿಯ ಹಿರಿಯಳಾದ ಗೌರಜ್ಜಿಗೆ ಗೊತ್ತಿತ್ತು, ಅಷ್ಟು ಸಾಕಿತ್ತು. ಶಂಕ್ರಕ್ಕ ಹೊಲಿದ ಕೌದಿಯ ಮೇಲೆ ಅದೇ ಕೂಸನ್ನು ಮಲಗಿಸಬಹುದು, ಆಕೆ ಕಟ್ಟಿದ ತೋರಣದ ಕೆಳಗೆ ತೊಟ್ಟಿಲು ತೂಗಬಹುದು, ಕೆಳಗಿನಿಂದಲೂ ಮೇಲಿನಿಂದಲೂ ಹತ್ತದ ದೋಷ ತಲೆಗೆ ತೊಡಿಸಿದರೆ ಮಾತ್ರ ಹತ್ತುತ್ತಿತ್ತು. ಶಂಕ್ರಕ್ಕ ಎಲ್ಲ ಮನೆಯ ಹೆಸರಿಡುವುದಕ್ಕೂ ಹೋಗುತ್ತಿದ್ದಳು. ಯಾರೋ ಹೊಲಿದ ಕುಂಚಿಗಿಯ ಅಂಚನ್ನು ಮೆಲ್ಲಗೆ ತಿರುಗಿಸಿ ನೋಡಿ, ಹೊಲಿಗೆಯಲ್ಲ ಇದು, ಕಾಗೆ ಕಾಲು ಗುಬ್ಬಿ ಕಾಲು ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅದು ಬರೀ ಚೇಷ್ಟೆ ಎಂದು ನಾನು ಬಹಳ ದಿನ ತಿಳಿದಿದ್ದೆ.

ನನ್ನನ್ನು ನೋಡಲು ಹರಪನಹಳ್ಳಿಯಿಂದ ಗಂಡಿನ ಕಡೆಯವರು ಬರುವ ದಿನ ಬಂತು. ಆಗೆಲ್ಲ ಹೆಣ್ಣು ನೋಡಲು ಬಂದ ಹೆಂಗಸರು ಹುಡುಗಿಯ ಕೈಕೆಲಸ ತೋರಿಸಿ ಎನ್ನುತ್ತಿದ್ದರು. ನಮ್ಮ ಓಣಿಯ ಎಲ್ಲ ಹುಡುಗಿಯರೂ ಒಂದೇ ಕೈಕೆಲಸ ತೋರಿಸುತ್ತಿದ್ದರು, ಶಂಕ್ರಕ್ಕನದು. ಅದರಲ್ಲಿ ಮುಖ್ಯವಾದದ್ದು ಒಂದು ಜೋಡಿ ಮಣಿ ಗಿಳಿ. ಹಸಿರು ಮಣಿ ಮುಗಿದಿದ್ದರಿಂದ ಒಂದರ ಬಾಲ ಹಳದಿ. ಓಣಿಯವರ ನೆಂಟರ ಮನೆಗಳಿಗೂ ಎರವಲು ಹೋಗಿ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಆ ಗಿಳಿಗಳು ತಿರುಗಿದಷ್ಟು ಊರು ನಮ್ಮ ಬಸ್ಸುಗಳೂ ತಿರುಗಿರಲಿಲ್ಲ. ಎಲ್ಲ ಕಡೆ ಕೂತು ಎಷ್ಟೋ ಮದುವೆ ಕೂಡಿಸಿ ಬಂದಿದ್ದವು.

ಹುಡುಗ ಮೇಷ್ಟ್ರು. ಕತ್ತೆತ್ತದೆ ಕೂತಿದ್ದ, ನನಗೆ ಆಗಲೇ ಹಿಡಿಸಿದ್ದ. ಅವನ ತಾಯಿ ಮಾತ್ರ ಕತ್ತು ಎತ್ತಿಯೇ ಕೂತಿದ್ದರು. ಬಾಗಿಲ ಮೇಲಿನ ಗಿಳಿಗಳನ್ನು ಬಹಳ ಹೊತ್ತು ನೋಡಿ, ‘ಈ ಹಳದಿ ಬಾಲದ ಗಿಳಿನ ಹೋದ ತಿಂಗಳು ಹಗರಿಬೊಮ್ಮನಹಳ್ಳ್ಯಾಗೂ ನೋಡಿದ್ವಿ. ಅಲ್ಲೀ ಹುಡುಗೀನೂ ತಾನೇ ಮಾಡೀನಿ ಅಂದ್ಲು’ ಎಂದರು. ಅವ್ವನ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಅಲ್ಲೇ ನಿಂತಿತು. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಆಗ ಅಡುಗೆಮನೆಯ ಬಾಗಿಲಿನಿಂದ ಶಂಕ್ರಕ್ಕ ಹೊರಗೆ ಬಂದಳು.

‘ಅವೇ ಗಿಳಿ ರೀ ಯವ್ವಾ. ಮಾಡಿದಾಕಿ ನಾನು. ಈ ಹುಡುಗಿಗೆ ಸೂಜ್ಯಾಗ ದಾರ ಪೋಣಸಾಕೂ ಬರಂಗಿಲ್ಲ. ನಿಮಗ ಗಿಳಿ ಬೇಕಾದ್ರ ನನ್ನ ಕರಕೊಂಡು ಹೋಗ್ರಿ, ಸೊಸಿ ಬೇಕಾದ್ರ ಈಕಿನ್ನ ನೋಡ್ರಿ.’

ಮೇಷ್ಟ್ರು ಮೊದಲ ಸಲ ಕತ್ತೆತ್ತಿ ನಕ್ಕರು. ಅವರ ತಾಯಿ ನಗಲಿಲ್ಲ, ಆದರೆ ಉಪ್ಪಿಟ್ಟಿನ ತಟ್ಟೆ ಕೈಗೆ ತೆಗೆದುಕೊಂಡರು. ಅದೇ ಒಪ್ಪಿಗೆ. ಅಂದು ಸಂಜೆ ನಾನು ಶಂಕ್ರಕ್ಕನ ಮನೆಗೆ ಹೋಗಿ ಕಾಲಿಗೆ ಬಿದ್ದೆ, ನಿನಗೇನು ಬೇಕು ಕೇಳು ಎಂದೆ. ರೇಷ್ಮೆ ದಾರವನ್ನೋ ಮಣಿಯನ್ನೋ ಕೇಳುತ್ತಾಳೆ ಎಂದುಕೊಂಡಿದ್ದೆ. ಆಕೆ ಕತ್ತರಿ ಕೆಳಗಿಟ್ಟು, ನಿನ್ನ ಕೂಸಿನ ಕುಂಚಿಗಿ ನಾನು ಹೊಲಿತೀನಿ ಎಂದಳು. ಮದುವೆಯ ಖುಷಿಯಲ್ಲಿದ್ದ ನಾನು ಅಷ್ಟೇ ಏನು ಎಂದು ಮಾತು ಕೊಟ್ಟುಬಿಟ್ಟೆ.

ಅದು ಅಷ್ಟೇ ಅಲ್ಲ ಎಂದು ಗೊತ್ತಾದದ್ದು ನಾನು ಹೆರಿಗೆಗೆ ತವರಿಗೆ ಬಂದು ಮಗ ಹುಟ್ಟಿದ ಮೇಲೆ. ಅತ್ತೆ ಬರುವಾಗ ಏಳು ಹಡೆದ ಯಾರೋ ಪುಣ್ಯಾತ್ಗಿತ್ತಿಯಿಂದ ಕುಂಚಿಗಿ ಹೊಲಿಸಿ ತರುತ್ತಾರೆಂದು ಸುದ್ದಿ ಬಂತು. ಅವ್ವ ಹೆದರಿ, ಎದುರು ಮನೆಯಾಕಿಗೆ ಏನಾದರೂ ಹೇಳಿ ತಪ್ಪಿಸು ಎಂದಳು. ನಾನು ತಪ್ಪಿಸಲಿಲ್ಲ. ಬಾಣಂತಿಗೂ ಒಂದು ಹಟ ಇರುತ್ತದೆ. ಅತ್ತೆ ಬೇಡವೆಂದರೆ ತೊಟ್ಟಿಲ ಮುಂದೆಯೇ ಜಗಳ ಮಾಡುವುದೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ.

ಹೆಸರಿಡುವ ದಿನ ಶಂಕ್ರಕ್ಕ ತಟ್ಟೆಯಲ್ಲಿ ಕುಂಚಿಗಿ ಇಟ್ಟುಕೊಂಡು ಬಂದಳು. ನೋಡಿದ ಕೂಡಲೇ ಗುರುತಾಯಿತು, ಅದು ಆಕೆಯ ಮದುವೆ ಸೀರೆಯ ಕೆಂಪು ಸೆರಗು. ಒಳಗೆ ಮೆತ್ತಗಿನ ಹಳೇ ಪಂಚೆ, ಅಂಚಿಗೆ ಬಿಳಿ ಮಣಿ, ಬಣ್ಣವೂ ಹಿಂದೆಂದೂ ಇಲ್ಲದಷ್ಟು ಮರ್ಯಾದಸ್ಥ. ಅತ್ತೆಯ ತುಟಿ ಬೇಡ ಎನ್ನಲು ತಯಾರಾಗಿತ್ತು, ನನ್ನದು ಜಗಳಕ್ಕೆ. ಅಷ್ಟರಲ್ಲಿ ಶಂಕ್ರಕ್ಕ ಅದನ್ನು ಬಿಡಿಸಿ ಹಿಡಿದಳು. ನಡೆದಾಡುವ ಮಗುವಿಗೆ ಆಗುವಷ್ಟು ದೊಡ್ಡದು. ನನ್ನ ಅಂಗೈಯಷ್ಟು ಮುಖದ ಮಗ ಅದರೊಳಗೆ ಹೋದರೆ ಹುಡುಕಿಯೇ ತೆಗೆಯಬೇಕಿತ್ತು.

ಎಲ್ಲರೂ ನಕ್ಕರು. ಅತ್ತೆಯ ಮುಖ ಸಡಿಲಾಯಿತು. ಈಗ ಬ್ಯಾಡ ಬಿಡವ್ವಾ, ಮಗ ಬೆಳೆದ ಮೇಲೆ ಖಂಡಿತ ಹಾಕ್ತೀವಿ ಎಂದು ನಾಲ್ಕು ಮಂದಿಯ ಮುಂದೆ ಹೇಳಿದರು. ಗೌರಜ್ಜಿ ಮೂಲೆಯಿಂದ, ಹಡೆದಿದ್ದರ ಅಲ್ಲೇನು ಕೂಸಿನ ತಲಿ ಅಳತಿ ಗೊತ್ತಾಗೋದು ಎಂದಳು. ಶಂಕ್ರಕ್ಕನೂ ಎಲ್ಲರ ಜೊತೆ ನಕ್ಕಳು, ಮರೀಬ್ಯಾಡ್ರಿ ಮತ್ತ ಎಂದು ಅತ್ತೆಯ ಕೈಗೇ ಅದನ್ನು ಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು. ಕಂದೀಲಿಗೆ ಅಳತೆ ತಪ್ಪದವಳು ನನ್ನ ಮಗನಿಗೇ ತಪ್ಪಬೇಕೇ ಎಂದು ಆ ದಿನ ಆಕೆಯ ಜೊತೆ ಮಾತೇ ಆಡಲಿಲ್ಲ.

ಅದರ ಮರುವರ್ಷದ ಚಳಿಗಾಲ. ಹರಪನಹಳ್ಳಿಯಿಂದ ಚಿಗಟೇರಿಯ ನೆಂಟರ ಮನೆಗೆ ಬೆಳಗಿನ ಬಸ್ಸಿಗೆ ಹೊರಟಿದ್ದೆವು. ಏಳು ಹಡೆದವಳ ಕುಂಚಿಗಿ ಯಾವಾಗಲೋ ಬಿಗಿಯಾಗಿ ಮೂಲೆ ಸೇರಿತ್ತು. ಅತ್ತೆ ತಾವೇ ಟ್ರಂಕಿನಿಂದ ಕೆಂಪು ಕುಂಚಿಗಿ ತೆಗೆದರು. ಮಂದಿ ಮುಂದೆ ಹಾಕ್ತೀವಿ ಅಂದೀನಿ, ಹಾಕದಿದ್ರೆ ಹೆಂಗೆ ಎಂದು ಗೊಣಗುತ್ತ ಮೊಮ್ಮಗನಿಗೆ ತೊಡಿಸಿದರು. ಅದು ಹಣೆಗೆ ಸರಿಯಾಗಿ ಬಂದು, ಕಿವಿ ಮುಚ್ಚಿ, ಬೆನ್ನ ಮೇಲೆ ಇಳಿದು ಕೂತಿತು. ಅತ್ತೆ ಅಂಚು ತಿರುಗಿಸಿ ಹೊಲಿಗೆಯಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಅವರು ಸುಮ್ಮನಾದರು. ನಮ್ಮತ್ತೆ ಸುಮ್ಮನಾಗುವುದೆಂದರೆ ಬೇರೆಯವರು ಹಾರ ಹಾಕಿ ಸನ್ಮಾನ ಮಾಡಿದ ಹಾಗೆ.

ಆ ಸಂಕ್ರಾಂತಿಗೆ ಮಗನಿಗೆ ಅದನ್ನೇ ತೊಡಿಸಿಕೊಂಡು ಕೊಟ್ಟೂರಿಗೆ ಹೋದೆ. ಶಂಕ್ರಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಮೈ ಇಳಿದಿತ್ತು, ಕಣ್ಣಿಗೆ ಪೊರೆ ಬಂದಿತ್ತು, ಓಣಿಯ ಬಟ್ಟೆಗಳೆಲ್ಲ ಕಾವಲಿಲ್ಲದೆ ನಿಶ್ಚಿಂತೆಯಿಂದ ಒಣಗುತ್ತಿದ್ದವು. ಮಗನನ್ನು ಮುಂದೆ ನಿಲ್ಲಿಸಿಕೊಂಡು ತಲೆಯಿಂದ ಅಂಚಿನ ತನಕ ಬೆರಳಾಡಿಸಿದಳು, ಒಂದೊಂದು ಮಣಿಯನ್ನೂ ಮುಟ್ಟಿದಳು. ಅವತ್ತು ಹೇಗೆ ಅಳತೆ ತಪ್ಪಿದೆ ಎಂದು ನಾನು ಹಳೆಯ ಸಿಟ್ಟಿನಲ್ಲೇ ಕೇಳಿದೆ.

‘ಯಾವಾಗ ತಪ್ಪೀನಿ? ನಿಮ್ಮತ್ತಿ ಅಳತಿ ನಾನು ಆಕಿ ಗಿಳಿ ನೋಡಿದ ದಿನಾನ ತಗೊಂಡಿದ್ದೆ. ಸಣ್ಣದು ಹೊಲಿದಿದ್ರ ಬ್ಯಾಡ ಅಂತಿದ್ದಳು. ನೀ ಜಗಳಾ ತಗಿತಿದ್ದಿ. ದೊಡ್ಡದು ಹೊಲಿದೆ, ಆಮ್ಯಾಲೆ ಹಾಕ್ತೀವಿ ಅಂದಳು. ಮಂದಿ ಮುಂದ ಅಂದಾಕಿ ಹಾಕಬೇಕಲ್ಲ.’

ಮತ್ತೆ ಗೌರಜ್ಜಿ ಅಂದ ಆ ಮಾತು? ಎಂದೆ. ಅನ್ನಾಕಿ ಹೆಂಗಿದ್ರೂ ಅಂತಿದ್ದಳು, ಅಂದು ಹೋಳಿಗಿ ಉಂಡು ಹೋದಳು ಎಂದಳು. ನನಗೆ ಅಳು ಬಂತು, ಆಕೆಗೆ ಕಾಣಿಸಲಿಲ್ಲವೆಂದು ಧೈರ್ಯವಾಗಿ ಅತ್ತುಬಿಟ್ಟೆ. ಆಕೆ ಸೂಜಿ ದಾರ ನನ್ನ ಕೈಗಿಟ್ಟು ಪೋಣಿಸಿಕೊಡು ಎಂದಳು. ನಾನು ತಡಕಾಡುವುದು ಗೊತ್ತಾಗಿ, ‘ಹಗೂರೈತಿ, ಕುಂದ್ರು’ ಎಂದಳು.

ಆ ಬೇಸಿಗೆಯಲ್ಲಿ ಶಂಕ್ರಕ್ಕ ಹೋದಳು. ನಾನು ಮಾತಾಡಿಸಲು ಹೋದಾಗ ಬಸಣ್ಣ ರೇಡಿಯೊದ ಪಕ್ಕ ಕೂತಿದ್ದ. ಅದು ಗುಲಾಬಿ ಫ್ರಾಕಿನೊಳಗಿಂದಲೇ ಗೊಣಗುತ್ತಿತ್ತು. ಏನೂ ಕೇಳಿಸುತ್ತಿಲ್ಲ, ಅಂಗಿ ತೆಗೆದಿಡಲೇ ಎಂದು ಕೇಳಿದೆ. ಇರಲಿ ಬಿಡವ್ವಾ, ಕೇಳತೈತಿ ಎಂದ.

ಮುಂದೆ ಮಗಳು ಹುಟ್ಟಿದಳು. ಹೆಸರಿಡುವ ಹಿಂದಿನ ದಿನ ಹರಪನಹಳ್ಳಿಯಿಂದ ಬಂದ ಅತ್ತೆ ಚೀಲ ಬಿಚ್ಚಿದರು. ಅದರಲ್ಲಿ ಹಡೆದವರು ಹೊಲಿದ ಹೊಸ ಕುಂಚಿಗಿ ಯಾವುದೂ ಇರಲಿಲ್ಲ, ಕೆಂಪು ಸೆರಗಿನ ಹಳೆಯದೊಂದೇ ಇತ್ತು. ‘ಆ ಗಿಳಿ ಮಾಡಿದಾಕಿ ಇದ್ದಿದ್ರೆ ಸಣ್ಣದೊಂದು ಹೊಲಿಸಬೋದಿತ್ತು’ ಎಂದರು. ಎದುರು ಮನೆಯ ಕಡೆ ನೋಡದೆಯೇ ಹೇಳಿದರು. ಕತ್ತರಿಸಿ ಚಿಕ್ಕದು ಮಾಡೋಣವೇ ಎಂದು ಅವ್ವ ಕೇಳಿದ್ದಕ್ಕೆ ಅತ್ತೆ ಗದರಿಕೊಂಡರು. ನಾನು ಅದನ್ನು ಒಳಗಡೆ ಮಡಚಿ, ಸೂಜಿಗೆ ದಾರ ಪೋಣಿಸಿ ಕಚ್ಚಾ ಹೊಲಿಗೆ ಹಾಕಿದೆ. ಕಾಗೆ ಕಾಲು ಗುಬ್ಬಿ ಕಾಲು. ಮಗಳು ಅದನ್ನು ತೊಟ್ಟುಕೊಂಡು ತೊಟ್ಟಿಲೊಳಗೆ ಮಲಗಿದಳು, ಗೌರಜ್ಜಿ ಜೋಗುಳ ಹಾಡಿದಳು, ಅಂಚು ತಿರುಗಿಸಿ ನೋಡಿ ನನ್ನ ಕಿವಿಯಲ್ಲಿ ಹೇಳುವವರು ಯಾರೂ ಇರಲಿಲ್ಲ.