ಅಕ್ಕ ಕಾಯ್ದ ಕೊಳವೆ

ನನ್ನ ಅಕ್ಕ ಕೆಲಸ ಮಾಡುತ್ತಿದ್ದದ್ದು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲದ ಕೋಣೆ, ಬಿಡುವಿಲ್ಲದೆ ಗೊರಗುಟ್ಟುವ ಪಂಪು, ಆಳೆತ್ತರದ ಉಕ್ಕಿನ ಹಂಡೆ. ಅದರ ತಳದಲ್ಲಿ ಕಣ್ಣಿಗೆ ಕಾಣದ ಇಂಗಾಲದ ಒಂದು ಕೊಳವೆ. ಸ್ಕೂಟರ್ ರಿಪೇರಿ ಮಾಡುವ ನನಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ.

"ಅದ್ರೊಳಗೆ ಅಂಥದ್ದೇನಿದೆ?" ಎಂದು ಕೆಣಕಿದ್ದೆ.

"ಬಸ್ಸಲ್ಲಿ ಸೀಟು ಹಿಡಿದೋರು ಇನ್ನೊಬ್ಬರನ್ನ ಹತ್ತೋಕೆ ಬಿಡಲ್ವಲ್ಲ, ಹಾಗೆ ಕಣೋ. ಒಳಗಿರೋ ಎಲೆಕ್ಟ್ರಾನು ಹೊರಗಿನದನ್ನ ತಳ್ಳುತ್ತೆ. ತುಂಬಾ ತಣ್ಣಗಿದ್ರೆ ಒಂದೊಂದೇ ದಾಟುತ್ತೆ. ಸ್ವಲ್ಪಸ್ವಲ್ಪ ಬಿಸಿ ಏರಿಸ್ತಾ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೀಬೇಕು. ಅವು ಎಷ್ಟು ಜೋರಾಗಿ ತಳ್ಳಾಡ್ತವೆ ಅಂತ ಆಗ ಗೊತ್ತಾಗುತ್ತೆ."

ವರ್ಷಗಟ್ಟಲೆ ಮಾಡಿದ ಕೊಳವೆಗಳೆಲ್ಲ ಕೈಕೊಟ್ಟು, ನೆಟ್ಟಗೆ ಉಳಿದದ್ದು ಇದೊಂದೇ. ಇದು ಕೆಟ್ಟರೆ ಅವಳ ದುಡಿಮೆಯೆಲ್ಲ ನೀರುಪಾಲು. ಬಟ್ಟೆ ಉಜ್ಜಿ ಮೈಯಲ್ಲಿ ಸೇರುವ ವಿದ್ಯುತ್ತಿನ ಒಂದು ಕಿಡಿ ತಾಗಿದರೂ ಸುಟ್ಟುಹೋಗುತ್ತದೆ. ಅದಕ್ಕೇ ಅಲ್ಲಿನವರು ತಂತಿ ಮುಟ್ಟುವ ಮುಂಚೆ ನೆಲಕ್ಕೆ ಜೋಡಿಸಿದ ಪಟ್ಟಿಯೊಂದನ್ನು ಮಣಿಕಟ್ಟಿಗೆ ಬಿಗಿಯುತ್ತಾರೆ. ಪಟ್ಟಿ ಕಟ್ಟಿದ ಬೇರೆಯವರ ಕೈಯನ್ನೂ ಅಕ್ಕ ನಂಬುತ್ತಿರಲಿಲ್ಲ.

ಆಗಲೇ ಅಮ್ಮ ಆಸ್ಪತ್ರೆ ಸೇರಿದ್ದು. ಗ್ಯಾರೇಜಿಗೆ ಬಾಗಿಲು ಹಾಕಿ ನಾನು ಪಕ್ಕದಲ್ಲಿ ಕೂತೆ. ಕಣ್ಣು ಬಿಟ್ಟಾಗಲೆಲ್ಲ ಅಮ್ಮ "ಅವಳು ಬಂದ್ಲಾ?" ಎನ್ನುತ್ತಿದ್ದಳು. ಫೋನು ಮಾಡಿದರೆ ಅಕ್ಕನದು ಒಂದೇ ರಾಗ: "ಅರ್ಧಕ್ಕೆ ಬಿಟ್ರೆ ಎಲ್ಲಾ ಹಾಳು. ಇನ್ನು ಸ್ವಲ್ಪ ಬಿಸಿ ಏರ್ಲಿ, ಬರ್ತೀನಿ." ಅಮ್ಮ ಅವಳ ಮುಖ ನೋಡದೆಯೇ ಹೋದಳು. ನನಗೆ ಮೈಯೆಲ್ಲ ಉರಿಯಿತು.

ಅಂತ್ಯಕ್ರಿಯೆ ಮುಗಿದ ಮೇಲೆ ಅಕ್ಕ ಅಮ್ಮನ ಉಣ್ಣೆಯ ಸ್ವೆಟರ್ ತೊಟ್ಟು ಕೂತುಬಿಟ್ಟಳು. ಮರುದಿನ ಅದನ್ನೇ ತೊಟ್ಟು ಕೆಲಸಕ್ಕೆ ಹೊರಟಳು. ತಂತಿ ಬದಲಿಸಿ, ಇನ್ನೊಮ್ಮೆ ತಣಿಸಿ ಅಳೆದರೆ ಮುಗಿಯಿತಂತೆ. ಸ್ಕೂಟರಿನಲ್ಲಿ ಬಿಡಲು ಹೋದ ನಾನು, ಇವತ್ತು ಬೈದೇಬಿಡಬೇಕೆಂದು ಒಳಗೂ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ತಲೆಯ ಮೇಲಿಂದ ಸ್ವೆಟರನ್ನು ಚಟಪಟ ಸದ್ದಿನೊಂದಿಗೆ ಎಳೆದು ಕುರ್ಚಿಗೆ ಹಾಕಿ, ಅದೇ ಕೈಯಲ್ಲಿ ಹಂಡೆಗೆ ತಂತಿ ಸಿಕ್ಕಿಸಿದಳು. ಪಟ್ಟಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಕರೆಂಟು ತೋರಿಸುವ ಪರದೆಯ ಮೇಲಿನ ಗೆರೆ ಸೊನ್ನೆಗೆ ಬಿದ್ದು ಹಾಗೇ ಮಲಗಿತು. ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ತನ್ನ ಬರಿಯ ಮಣಿಕಟ್ಟು ನೋಡಿಕೊಂಡಳು.

ಅಮ್ಮ ಹೋದಾಗ ಒಂದು ಹನಿ ಕಣ್ಣೀರೂ ಹಾಕದವಳು ಅಲ್ಲೇ ನೆಲಕ್ಕೆ ಕುಸಿದು ಬಿಕ್ಕಿದಳು.

"ಅಮ್ಮನ್ನ ನಿನ್ನ ಮೇಲೆ ಬಿಟ್ಟೆ. ಇದನ್ನ ಯಾರ ಮೇಲೂ ಬಿಡ್ಲಿಲ್ಲ ಕಣೋ."

ಬೈಯಲೆಂದು ಬಂದವನು ಕುರ್ಚಿಯ ಮೇಲಿನ ಅಮ್ಮನ ಸ್ವೆಟರ್ ಮಡಿಚಿ ಹಿಡಿದು ಅವಳ ಪಕ್ಕ ನೆಲದಲ್ಲಿ ಕೂತೆ.