ಮೇಣದ ಶೆಲ್ಫಿನ ಒಡತಿ

ವರ್ನಾ ಲಿಂಡ್‌ಕ್ವಿಸ್ಟ್‌ಳ ಲೆಕ್ಕದಲ್ಲಿ ಜನ ಎರಡೇ ಬಗೆ: ಮೇಣ ಕೆಡಿಸಿದವರು, ಮುಂದೆ ಕೆಡಿಸಲಿರುವವರು. ತನ್ನನ್ನು ಅವಳು ಎರಡರಲ್ಲೂ ಸೇರಿಸಿಕೊಂಡಿರಲಿಲ್ಲ.

ರಾಕ್‌ಫರ್ಡ್‌ನಲ್ಲಿ ಎಕ್‌ಸ್ಟ್ರಾಂಡ್ ಮುದುಕನ ಕಾರ್ಖಾನೆಯ ದೊಡ್ಡ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವಳು ಅವಳು. ಲೋಹದ ದಿಮ್ಮಿಯನ್ನು ಒಮ್ಮೆ ಬಿಗಿದರೆ ಸಾಕು, ಮೇಜು ವಾಲಿ, ತಿರುಗಿ, ಐದು ಮುಖಗಳನ್ನೂ ಒಂದೊಂದಾಗಿ ಕಟರಿಗೆ ಒಡ್ಡುತ್ತದೆ. ತಿರುಗುವ ಮುನ್ನ ಕಟರ್ ಸಾಕಷ್ಟು ಮೇಲೇರಿರಬೇಕು, ಇಲ್ಲವಾದರೆ ಡಿಕ್ಕಿ. ಅದಕ್ಕೇ ಹೊಸ ಪ್ರೋಗ್ರಾಮನ್ನು ಮೊದಲು ನೀಲಿ ಮೇಣದ ಗಟ್ಟಿಯ ಮೇಲೆ ಓಡಿಸಿ ನೋಡುವುದು ಅಲ್ಲಿಯ ರೂಢಿ. ಯಾರದಾದರೂ ಮೇಣ ಕೆಟ್ಟರೆ ವರ್ನಾ ಅದರ ಮೇಲೆ ಹೆಸರು, ತಾರೀಕು ಬರೆದು ಕಾಫಿ ಯಂತ್ರದ ಮೇಲಿನ ಶೆಲ್ಫಿನಲ್ಲಿಡುತ್ತಿದ್ದಳು. ಇಪ್ಪತ್ತು ವರ್ಷಕ್ಕೆ ಹದಿನೇಳು ಗಟ್ಟಿ. ಹೆಂಡತಿಗೆ ಹೆರಿಗೆಯಾದ ದಿನ ಸಹೋದ್ಯೋಗಿ ಡ್ವೇನ್ ಕೆಡಿಸಿದ್ದೂ ಅಲ್ಲೇ ಇತ್ತು. ಆ ಮಗು ಈಗ ಕಾರು ಓಡಿಸುತ್ತದೆ, ಗಟ್ಟಿ ಮಾತ್ರ ಇಳಿದಿಲ್ಲ.

ಶೆಲ್ಫಿನಲ್ಲಿ ಮೂರು ಟ್ರೆಂಟ್‌ನವು. ಇವನು ಮುದುಕನ ಅಳಿಯ, ನಲವತ್ತು ದಾಟಿದವನು. ಯಂತ್ರದ ಓಟವನ್ನೆಲ್ಲ ಮೊದಲೇ ಪರದೆಯ ಮೇಲೆ ತೋರಿಸುವ ಒಂದು ತಂತ್ರಾಂಶ ತಂದು, ಅದನ್ನು ನಂಬಿ ಕೂತವನು. ವರ್ನಾ ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ವಿಮಾನದ ಗಾಲಿಯ ಕಾಲಿಗೆ ಬೇಕಾದ ಒಂದು ಭಾಗದ ಕೆಲಸ ಬಂತು. ಟೈಟೇನಿಯಂ ದಿಮ್ಮಿ ಒಂದೇ, ನಾಲ್ಕು ತಿಂಗಳು ಕಾದ ಮೇಲೆ ಬಂದದ್ದು. ಮುದುಕ ಇಬ್ಬರನ್ನೂ ಕರೆದು ಹೇಳಿದ: "ವರ್ನಾ, ಇದು ಸರಿಯಾಗಿ ಇಳಿದ್ರೆ ನೀನು ರಿಟೈರಾಗೋವರೆಗೂ ಯಂತ್ರ ನಿಂದು. ಕೆಟ್ರೆ ಅವನದು."

ಮೇಜು ತಿರುಗಿಸುವ ಪ್ರೋಗ್ರಾಮಿನ ಸಾಲುಗಳನ್ನು ವರ್ನಾ ಎಂದಿನಂತೆ ಕೈಯಾರೆ ಬರೆದಳು. ದಿಮ್ಮಿಯ ಅಳತೆಗೆ ಹೊಂದುವ ಮೇಣದ ಗಟ್ಟಿ ಇರಲಿಲ್ಲ, ಇದ್ದದ್ದು ಒಂದಿಂಚು ಗಿಡ್ಡ.

"ಹೊಸದು ತರಿಸ್ಲಾ? ನಾಡಿದ್ದು ಬರತ್ತೆ," ಎಂದ ಟ್ರೆಂಟ್.

"ದಿಮ್ಮಿ ಮೇಲಿನ ಆ ಒಂದಿಂಚು ಕೊನೇಲಿ ಹೇಗೂ ಕೊಯ್ದು ಬಿಸಾಕೋದು, ಅಳಿಯಂದಿರೇ. ಬಿಸಾಕೋದಕ್ಕೂ ಮೇಣ ಬೇಕಾ?"

"ನನ್ನ ಪರದೇಲಿ ನಾಲ್ಕನೇ ಮುಖಕ್ಕೆ ತಿರುಗೋವಾಗ ಡಿಕ್ಕಿ ಅಂತ ಕೆಂಪು ತೋರಿಸ್ತಿದೆ, ವರ್ನಾ. ಒಂದ್ಸಲ ನೋಡಿ."

"ಕೆಂಪು ನೋಡಿ ಎಗರಾಡೋಕೆ ನಾನೇನು ಗೂಳಿನಾ? ಶೆಲ್ಫ್ ಮೇಲೆ ನಿನ್ನವು ಮೂರಿವೆ. ಮೊದಲು ಅವನ್ನ ನೋಡ್ಕೋ ಹೋಗು."

ಡ್ವೇನ್ ನಕ್ಕ. ಶೆಲ್ಫಿನಲ್ಲಿ ತನ್ನ ಹೆಸರಿರುವವನೂ ಇನ್ನೊಬ್ಬನ ಹೆಸರಿಗೆ ನಗುತ್ತಾನೆ, ಆ ಕಾರ್ಖಾನೆಯ ಜಾಯಮಾನವೇ ಅಂಥದ್ದು. ಮೇಣದ ಮೇಲೆ ಪ್ರೋಗ್ರಾಮ್ ಬೆಣ್ಣೆಯಂತೆ ಓಡಿತು. ವರ್ನಾ ಗಟ್ಟಿಯನ್ನು ಟ್ರೆಂಟ್‌ನ ಮೇಜಿನ ಮೇಲೆ ಕುಕ್ಕಿ ಹೋದಳು.

ಬೆಳಿಗ್ಗೆ ಟೈಟೇನಿಯಂ ಬಿಗಿದರು. ಮೂರು ಮುಖ ಕನ್ನಡಿಯಂತೆ ಬಂದವು. ನಾಲ್ಕನೆಯದಕ್ಕೆ ಮೇಜು ವಾಲಿತು. ಮೇಣದ ತಲೆ ಬೆರಳಗಲದಲ್ಲಿ ತಪ್ಪಿಸಿಕೊಂಡಿದ್ದ ಜಾಗದಲ್ಲಿ ಈಗ ಒಂದಿಂಚು ಎತ್ತರದ ದಿಮ್ಮಿ ಇತ್ತು. ಅದರ ಮೂಲೆ ಮೇಲೆದ್ದು ಬಂದು ಕಟರಿಗೆ ಬಡಿಯಿತು. ಕಟರ್ ತುಂಡಾಯಿತು. ಬಿಗಿತದಿಂದ ಕಿತ್ತುಬಂದ ದಿಮ್ಮಿ, ಕೊರೆದಿದ್ದ ಮೂರನೆಯ ಮುಖದ ಮೇಲೆ ಆಳವಾದ ಗಾಯ ಮಾಡಿಕೊಂಡು ಓರೆಯಾಗಿ ನಿಂತಿತು.

ಮುದುಕ ಬಂದ, ನೋಡಿದ, ಯಂತ್ರದ ಬೀಗದ ಕೈಯನ್ನು ಅಳಿಯನಿಗೆ ಕೊಟ್ಟು ಹೋದ.

ವರ್ನಾ ದಿಮ್ಮಿಯನ್ನು ತಾನೇ ಹೊತ್ತು ತಂದಳು. ಈ ಕಥೆ ಹೇಳುವ, ಅವಳನ್ನು ಇಷ್ಟಪಡದ ನಾನೂ ಇದೊಂದನ್ನು ಒಪ್ಪುತ್ತೇನೆ: ಹೆಸರು, ತಾರೀಕು ಎರಡನ್ನೂ ಎಂದಿನ ದಪ್ಪ ಅಕ್ಷರದಲ್ಲೇ ಬರೆದಳು. ಶೆಲ್ಫಿನಲ್ಲಿ ಜಾಗವಿರಲಿಲ್ಲ. ಡ್ವೇನ್‌ನ ಗಟ್ಟಿ ಇಳಿಸಿದಳು. ಸಾಲಲಿಲ್ಲ. ಒಂದೊಂದಾಗಿ ಹದಿನೇಳನ್ನೂ ಇಳಿಸಿದಳು. ಕಾಫಿ ಕಪ್ಪು ಹಿಡಿದು ನಿಂತಿದ್ದವರಲ್ಲಿ ಯಾರೂ ನಗಲಿಲ್ಲ. ಒಬ್ಬರಾದರೂ ನಕ್ಕಿದ್ದರೆ ಅವಳಿಗೆ ಬೈಯುವುದಕ್ಕೆ ಒಂದು ದಾರಿಯಿರುತ್ತಿತ್ತು.

ಟ್ರೆಂಟ್ ಮುಂದೆ ಬಂದು ದಿಮ್ಮಿಯ ಇನ್ನೊಂದು ತುದಿ ಹಿಡಿದ. "ಬಿಡಿ ವರ್ನಾ, ಇದನ್ನ ಇಲ್ಲಿಡೋದು ಬೇಡ. ಯಾರ ಕೈಯಲ್ಲಾದ್ರೂ ಆಗೋದೇ."

ಇಪ್ಪತ್ತು ವರ್ಷದಲ್ಲಿ ಆ ಒಂದು ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.