ಸಾಹುಕಾರರ ಕಣ್ಣೀರಿನ ಫೋಟೋ

ಗೆಳೆಯರೇ, ಇವತ್ತು ನನ್ನ ಕ್ಯಾಮೆರಾದೊಳಗೆ ಫೋಟೋ ಮೂಡುವ ಗಾಜಿನ ಪ್ಲೇಟು ಪುಡಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಆದೋನಿಯ ಹತ್ತಿ ಮಂಡಿಯಲ್ಲಿ ಮಧ್ಯಾಹ್ನ ಗಾಯನವಿತ್ತು. ಕ್ಯಾಮೆರಾ ಕಂಡರೆ ನಮ್ಮ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ. ಹಾಡುವವರೂ ಬಾಯಿ ಮುಚ್ಚಿಬಿಡುತ್ತಾರೆ! ಅದಕ್ಕೇ "ಪ್ಲೇಟು ಮುಗದಾವ್ರಿ" ಎಂದು ಸುಳ್ಳು ಹೇಳಿ ಕಾದೆ. ಗವಾಯಿಗಳು ವಚನವೊಂದನ್ನು ಎತ್ತಿಕೊಂಡರು. ಮುಂದೆಯೇ ಕೂತಿದ್ದ ಹತ್ತಿ ವ್ಯಾಪಾರಿ ಚನ್ನಪ್ಪ ಸಾಹುಕಾರರ ಕಣ್ಣಿಂದ ನೀರು ಇಳಿಯಿತು. ಟಕ್ಕೆಂದು ಗುಂಡಿ ಒತ್ತಿದೆ.

ಸದ್ದು ಕೇಳಿದ್ದೇ ತಡ, ಸಾಹುಕಾರರು ಎದ್ದು ಬಂದರು. "ಒಡದು ಹಾಕೋ ಅದನ್ನ! ನಾ ಅತ್ತಿದ್ದು ಊರಿಗೆ ಗೊತ್ತಾದ್ರ ನಾಳೆ ರೈತರು ನನ್ನ ಮುಂದ ಅತ್ತು ಅತ್ತು ರೇಟು ಏರಸ್ತಾರ!"

ಕ್ಯಾಮೆರಾ ಪೆಟ್ಟಿಗೆಯನ್ನು ಎದೆಗವಚಿಕೊಂಡು, "ಯಾರಿಗೂ ತೋರ್ಸಂಗಿಲ್ರಿ" ಎಂದೆ.

ಅವರು ಪೆಟ್ಟಿಗೆಯತ್ತ ಬಗ್ಗಿ, ಮೆಲ್ಲಗೆ ಕೇಳಿದರು: "ತಮ್ಮಾ, ಫೋಟೋದಾಗ ಕಣ್ಣೀರು ಕಾಣ್ತೈತೇನು?"

"ಕಾಣ್ತೈತ್ರಿ."

"ಹಂಗಾರ ಒಂದು ಪ್ರತಿ ನಮ್ಮವ್ವಗ ಕೊಡು. ಅಪ್ಪ ತೀರಿಕೊಂಡಾಗ ನಾ ಅಳಲಿಲ್ಲಂತ ಆಕಿ ಇನ್ನೂ ನನ್ನ ಮಾತಾಡಸಂಗಿಲ್ಲ."

ನಾಳೆ ಅವರ ಅಂಗಡಿಗೆ ಹತ್ತಿ ಒಯ್ಯುವ ಗೆಳೆಯರೇ, ದಯವಿಟ್ಟು ಅಲ್ಲಿ ಯಾರೂ ಅಳಬೇಡಿ.